ಬಿದ್ದಾಗ ಮುರಿಯಬೇಕಾದದ್ದು ಯಾವುದು?

ರಿಮೋಟ್ ಕಂಟ್ರೋಲ್ ಹೆಲಿಕಾಪ್ಟರ್ ಹಾರಿಸುವವರು ‘450’ ಎಂದು ಕರೆಯುವ ಗಾತ್ರವನ್ನು ತೆಗೆದುಕೊಳ್ಳೋಣ. ಬ್ಯಾಟರಿ ಸೇರಿ ತೂಕ ಸುಮಾರು 800 ಗ್ರಾಂ. ಮೇಲಿನ ಎರಡು ಬ್ಲೇಡುಗಳು ತಲಾ 325 ಮಿಲಿಮೀಟರ್ ಉದ್ದ, ತಲಾ 36 ಗ್ರಾಂ ಆಸುಪಾಸು ತೂಕ. ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಬ್ಲೇಡಿನ ತುದಿ ಗಂಟೆಗೆ 330 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿರುತ್ತದೆ. ಪಿಯುಸಿಯಲ್ಲಿ ಕಲಿಸುವ ಸೂತ್ರ ಹಾಕಿದರೆ ಸಾಕು, ಆ ಎರಡು ಬ್ಲೇಡುಗಳಲ್ಲಿ ತುಂಬಿಕೊಂಡಿರುವ ಚಲನಶಕ್ತಿ ಸುಮಾರು 120 ಜೂಲ್ ಎಂದು ಸಿಗುತ್ತದೆ. ಅದೇ ಹೆಲಿಕಾಪ್ಟರನ್ನು ಬ್ಲೇಡು ತಿರುಗಿಸದೆ ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ತಾರಸಿಯಿಂದ, ಕೆಳಗೆ ಬಿಟ್ಟರೆ ನೆಲ ಮುಟ್ಟುವ ಹೊತ್ತಿಗೆ ಅದರಲ್ಲಿರುವ ಶಕ್ತಿ 80 ಜೂಲನ್ನೂ ತಲುಪುವುದಿಲ್ಲ.

ಸಣ್ಣ ಹೆಲಿಕಾಪ್ಟರಿನ ಬ್ಲೇಡ್ ಆಯ್ಕೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಲೆಕ್ಕವನ್ನು ಯಾರೂ ಮೊದಲಿಗೆ ಇಡುವುದಿಲ್ಲ. ಯಂತ್ರ ಹಾಳಾಗುವುದು ಎತ್ತರದಿಂದ ಬಿದ್ದದ್ದಕ್ಕೆ ಎಂದು ಹೊಸಬರು ಭಾವಿಸುತ್ತಾರೆ. ಅಂಗಡಿಯಲ್ಲಿ ಅವರು ಕೇಳುವ ಪ್ರಶ್ನೆಯೂ ಅದಕ್ಕೆ ತಕ್ಕ ಹಾಗೆಯೇ ಇರುತ್ತದೆ: ಬಿದ್ದರೂ ಮುರಿಯದ ಬ್ಲೇಡು ಕೊಡಿ. 450ರ ಮಟ್ಟಿಗೆ ಹೇಳುವುದಾದರೆ, ಹಾಳು ಮಾಡುವ ಶಕ್ತಿಯ ಹೆಚ್ಚಿನ ಪಾಲು ಇರುವುದು ಬ್ಲೇಡಿನಲ್ಲೇ. ಬ್ಲೇಡು ನೆಲಕ್ಕೆ ತಾಗಿದ ಕ್ಷಣ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ಲೇಡು ಮುರಿಯದೆ ಉಳಿದರೆ ಮುರಿಯುವುದು ಅದಕ್ಕೆ ಜೋಡಿಸಿರುವ ಇನ್ನೊಂದು ಭಾಗ.

ಗಾತ್ರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅಂಗೈ ಮೇಲೆ ಕೂರುವ, 50 ಗ್ರಾಂ ತೂಗುವ ಮೈಕ್ರೋ ಹೆಲಿಕಾಪ್ಟರಿನಲ್ಲಿ ಬ್ಲೇಡಿನ ತೂಕ ಎರಡು ಗ್ರಾಂ, ಉದ್ದ 11 ಸೆಂಟಿಮೀಟರ್, ವೇಗ ನಿಮಿಷಕ್ಕೆ 3,500 ಸುತ್ತು ಎಂದಿಟ್ಟುಕೊಂಡರೆ ರೋಟರಿನ ಶಕ್ತಿ ಒಂದೂವರೆ ಜೂಲ್ ಕೂಡ ಆಗದು. ಹತ್ತು ಮೀಟರಿನಿಂದ ಬೀಳುವ ಶಕ್ತಿ ಅದರ ಮೂರು ನಾಲ್ಕು ಪಟ್ಟು. ಇನ್ನು 700 ಗಾತ್ರಕ್ಕೆ ಬನ್ನಿ. ಯಂತ್ರ ಐದು ಕಿಲೋ, ಬ್ಲೇಡು ತಲಾ 190 ಗ್ರಾಂ, ವೇಗ ನಿಮಿಷಕ್ಕೆ 2,000 ಸುತ್ತು. ರೋಟರಿನಲ್ಲಿ ಸುಮಾರು 2,000 ಜೂಲ್ ಇರುತ್ತದೆ, ಹತ್ತು ಮೀಟರಿನಿಂದ ಬೀಳುವುದರಲ್ಲಿ 500ಕ್ಕಿಂತ ಕಡಿಮೆ. ಗಾತ್ರ ಏರಿದಂತೆಲ್ಲ ಬೀಳುವುದರ ಪಾಲು ಕುಗ್ಗಿ, ತಿರುಗುವುದರ ಪಾಲು ಹಿಗ್ಗುತ್ತದೆ. ಆದ್ದರಿಂದ ಎಲ್ಲ ಹೆಲಿಕಾಪ್ಟರಿಗೂ ಹೊಂದುವ ಒಂದೇ ‘ಕ್ರ್ಯಾಶ್ ತಾಳುವ ಬ್ಲೇಡು’ ಇರಲು ಸಾಧ್ಯವಿಲ್ಲ. ಮೈಕ್ರೋದಲ್ಲಿ ಅದು ನಿಜಕ್ಕೂ ಉಂಟು. 700ರಲ್ಲಿ ಇಲ್ಲವೇ ಇಲ್ಲ. ಗೊಂದಲ ಇರುವುದು ನಡುವಿನ 250ರಿಂದ 450ರವರೆಗಿನ ಗಾತ್ರದಲ್ಲಿ.

ಬ್ಲೇಡು ನೆಲಕ್ಕೆ ತಾಗಿದಾಗ ಏನಾಗುತ್ತದೆಂದು ಹಂತಹಂತವಾಗಿ ನೋಡಬೇಕು. ತುದಿ ಮಣ್ಣಿಗೆ ಬಡಿದು ನಿಲ್ಲಲು ನೋಡುತ್ತದೆ. ಬ್ಲೇಡನ್ನು ಗ್ರಿಪ್ಪಿಗೆ ಹಿಡಿದಿರುವ ಬೋಲ್ಟು ಹದವಾಗಿ ಬಿಗಿದಿದ್ದರೆ ಬ್ಲೇಡು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಪೆಟ್ಟಿನ ಒಂದಂಶ ಅಲ್ಲೇ ಕಳೆಯುತ್ತದೆ. ಉಳಿದ ಪೆಟ್ಟು ಎರಡು ಗ್ರಿಪ್ಪುಗಳನ್ನು ಜೋಡಿಸಿರುವ ಸ್ಪಿಂಡಲ್ ಎಂಬ ಸಣ್ಣ ಉಕ್ಕಿನ ಸರಳನ್ನು ಬಗ್ಗಿಸುತ್ತದೆ. ಅದನ್ನೂ ದಾಟಿದರೆ ಮೇನ್ ಶಾಫ್ಟು ಬಾಗುತ್ತದೆ. ಗ್ರಿಪ್ಪಿನಿಂದ, ಬ್ಲೇಡಿನ ಓರೆಯನ್ನು (ಪಿಚ್) ಬದಲಿಸುವ ಸರ್ವೋ ಎಂಬ ಪುಟ್ಟ ಮೋಟಾರಿನವರೆಗೆ ಇರುವ ಕಡ್ಡಿಗಳ ಮೂಲಕ ಪೆಟ್ಟು ಇಳಿದು ಸರ್ವೋದೊಳಗಿನ ಹಲ್ಲುಗಳು ಉದುರುತ್ತವೆ. ಬ್ಲೇಡು ಕೆಳಕ್ಕೆ ಬಾಗಿದರೆ ಬಾಲದ ಕೊಳವೆಗೇ ಬಡಿದು ಅದನ್ನು ಕತ್ತರಿಸುತ್ತದೆ. ಹಾರಿಸುವವರು ಇದಕ್ಕೆ ‘ಬೂಮ್ ಸ್ಟ್ರೈಕ್’ ಎನ್ನುತ್ತಾರೆ.

ಮೇನ್ ಗೇರ್ ಎಂಬ ದೊಡ್ಡ ಪ್ಲಾಸ್ಟಿಕ್ ಹಲ್ಲುಚಕ್ರ ಹಾಳಾಗುವ ಬಗೆ ಬೇರೆ. ಮೋಟಾರಿಗೂ ರೋಟರಿಗೂ ನಡುವೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಬೇರಿಂಗ್ ಇರುತ್ತದೆ. ಮೋಟಾರು ನಿಂತರೂ ರೋಟರು ತಿರುಗುತ್ತಿರಲಿ ಎಂಬುದು ಅದರ ಉದ್ದೇಶ. ಕ್ರ್ಯಾಶಿನಲ್ಲಿ ಆಗುವುದು ಇದರ ವಿರುದ್ಧ: ರೋಟರು ಗಕ್ಕನೆ ನಿಂತಿರುತ್ತದೆ, ಮೋಟಾರು ತಿರುಗುತ್ತಲೇ ಇರುತ್ತದೆ. ಆ ದಿಕ್ಕಿನಲ್ಲಿ ಬೇರಿಂಗ್ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಹಲ್ಲುಗಳು ಸವೆದು ಹೋಗುತ್ತವೆ. ವೇಗವನ್ನು ಒಂದೇ ಸಮನೆ ಕಾಯುವ ಗವರ್ನರ್ ಚಾಲೂ ಇದ್ದರಂತೂ ಕೇಡು ಇನ್ನೂ ಹೆಚ್ಚು. ರೋಟರಿನ ವೇಗ ಕುಸಿಯಿತೆಂದು ತಿಳಿದು ಅದು ಮೋಟಾರಿಗೆ ಮತ್ತಷ್ಟು ಕರೆಂಟು ಹರಿಸುತ್ತದೆ. 400 ವಾಟ್ ಎಳೆಯುತ್ತಿರುವ ಮೋಟಾರು ಅರ್ಧ ಸೆಕೆಂಡಿನಲ್ಲಿ 200 ಜೂಲ್ ತುಂಬಬಲ್ಲದು, ಅಂದರೆ ಬ್ಲೇಡುಗಳಲ್ಲಿ ಮೊದಲೇ ಇದ್ದುದಕ್ಕಿಂತ ಹೆಚ್ಚು.

ಅದಕ್ಕೇ ಬ್ಲೇಡಿನ ವಸ್ತುವಿನ ಮಾತಿಗೆ ಹೋಗುವ ಮೊದಲೇ ಮೋಟಾರನ್ನು ಒಮ್ಮೆಗೇ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ಚಿನ ಬಗ್ಗೆ ಹೇಳಿಬಿಡುತ್ತೇನೆ. ಪಿಚ್ ಬದಲಾಗುವ ಹೆಲಿಕಾಪ್ಟರಿನಲ್ಲಿ ರಿಮೋಟಿನ ಕಡ್ಡಿಯನ್ನು ಕೆಳಗೆಳೆದ ಮಾತ್ರಕ್ಕೆ ಬ್ಲೇಡು ನಿಧಾನವಾಗುತ್ತದೆಂದು ಹೇಳಲಾಗದು. ಸ್ಟಂಟ್ ಹಾರಾಟದ ಸೆಟ್ಟಿಂಗಿನಲ್ಲಿದ್ದರೆ ಯಂತ್ರವೇ ಪೂರ್ತಿ ವೇಗದಲ್ಲಿ ನೆಲಕ್ಕೆ ನುಗ್ಗುತ್ತದೆ. ಗಾಬರಿಯಾದ ಕೈಗೆ ಅದು ಹೊಳೆಯುವುದಿಲ್ಲ. ಹೋಲ್ಡ್ ಹಾಕಿದ ಕೂಡಲೇ ಬ್ಲೇಡಿನಲ್ಲಿರುವ 120 ಜೂಲ್ ಮಾಯವಾಗುವುದಿಲ್ಲ, ನಿಜ. ಆದರೆ ಮೋಟಾರು ಹೊಸ ಶಕ್ತಿ ತುಂಬುವುದು ನಿಲ್ಲುತ್ತದೆ, ಮೇನ್ ಗೇರ್ ಬಹುಪಾಲು ಉಳಿಯುತ್ತದೆ. ಬೆರಳಿಗೆ ಆ ಅಭ್ಯಾಸ ಬರುವವರೆಗೆ ಸಿಮ್ಯುಲೇಟರಿನಲ್ಲಿ ಕಲಿಯುವುದು ಯಾವ ಬ್ಲೇಡು ಕೊಳ್ಳುವುದಕ್ಕಿಂತಲೂ ಲಾಭದ ಹೂಡಿಕೆ. ರಿಯಲ್‌ಫ್ಲೈಟ್, ಹೆಲಿ-ಎಕ್ಸ್ ಮುಂತಾದವುಗಳಿಗೆ ಹಾರಿಸುವ ರಿಮೋಟನ್ನೇ ಕಂಪ್ಯೂಟರಿಗೆ ಜೋಡಿಸಿಕೊಳ್ಳಬಹುದು.

ಈಗ ಬ್ಲೇಡಿಗೆ ಬರೋಣ. ಮನೆಯ ಕರೆಂಟಿನಲ್ಲಿ ಫ್ಯೂಸು ಮಾಡುವ ಕೆಲಸವನ್ನು ಹೆಲಿಕಾಪ್ಟರಿನಲ್ಲಿ ಯಾವುದಾದರೊಂದು ಭಾಗ ಮಾಡಲೇಬೇಕು: ಅಗ್ಗದ್ದು, ಬದಲಿಸಲು ಸುಲಭವಾದದ್ದು ಮೊದಲು ಹೋಗಿ ದುಬಾರಿಯದನ್ನು ಉಳಿಸಬೇಕು. ಬ್ಲೇಡು ಅಂಥ ಭಾಗವಾಗಬಲ್ಲದೇ ಎಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ. ಆದರೆ ಅದು ಎಲ್ಲಿ ಮುರಿಯಬೇಕು ಎಂಬುದನ್ನು ಮರೆಯಬಾರದು. ತಿರುಗುತ್ತಿರುವ 36 ಗ್ರಾಮಿನ ಬ್ಲೇಡು ತನ್ನ ಬೋಲ್ಟನ್ನು ಹೊರಕ್ಕೆ ಎಳೆಯುವ ಬಲ, ನಿಮಿಷಕ್ಕೆ 2,500 ಸುತ್ತಿನಲ್ಲಿ, 50 ಕಿಲೋ ತೂಗುಹಾಕಿದಷ್ಟು. ಪೆಟ್ಟು ಬಿದ್ದಾಗ ಸುಲಭವಾಗಿ ತುಂಡಾಗಲೆಂದು ಉಕ್ಕಿನ ಬೋಲ್ಟಿನ ಬದಲು ನೈಲಾನ್ ಬೋಲ್ಟು ಹಾಕುವ ಉಪಾಯ ಆಗಾಗ ಕಿವಿಗೆ ಬೀಳುತ್ತದೆ. ಅದನ್ನು ಮಾಡಲೇಬಾರದು. ಬುಡ ಎಂದಿಗೂ ಬಿಟ್ಟುಕೊಡಬಾರದು, ಬಿಟ್ಟುಕೊಡಬೇಕಾದದ್ದು ಬ್ಲೇಡಿನ ಹೊರಭಾಗ. ಬುಡದಿಂದ ಕಳಚಿದ ಇಡೀ ಬ್ಲೇಡು ನೋಡುತ್ತ ನಿಂತವರ ಕಡೆಗೂ ಹಾರಿ ಬರಬಹುದು.

ಮರದ ಬ್ಲೇಡು ಈ ಕೆಲಸವನ್ನು ದಶಕಗಳ ಕಾಲ ಚೆನ್ನಾಗಿ ಮಾಡಿತು. ಜರ್ಮನಿಯ ಡೀಟರ್ ಷ್ಲೂಟರ್ 1970ರ ಹೊತ್ತಿಗೆ ರೇಡಿಯೋ ನಿಯಂತ್ರಿತ ಹೆಲಿಕಾಪ್ಟರನ್ನು ನಂಬಿ ಹಾರಿಸಬಹುದಾದ ಯಂತ್ರವಾಗಿ ಮಾಡಿ ತೋರಿಸಿದ ಮೇಲೆ ಈ ಹವ್ಯಾಸ ಬೆಳೆಯಿತು. ಮುಂದೆ ಜಪಾನಿನ ಹಿರೋಬೊ ಶಟಲ್, ಕ್ಯೋಶೊ ಕಾನ್ಸೆಪ್ಟ್ 30 ಮುಂತಾದ ಎಂಜಿನ್ ಹೆಲಿಕಾಪ್ಟರುಗಳ ಕಾಲದಲ್ಲೂ ಕಲಿಯುವವರ ಬ್ಲೇಡು ಮರದ್ದೇ. ಮುಂದಿನ ಅಂಚಿಗೆ ಗಟ್ಟಿ ಮರ, ಹಿಂದಿನ ಅಂಚಿಗೆ ಹಗುರವಾದ ಬಾಲ್ಸಾ ಮರ, ತುದಿಯ ಹತ್ತಿರ ಒಂದಿಷ್ಟು ಸೀಸ, ಮೇಲೆ ಶಾಖಕ್ಕೆ ಬಿಗಿಯುವ ಪ್ಲಾಸ್ಟಿಕ್ ಹೊದಿಕೆ. ನೆಲಕ್ಕೆ ತಾಗಿದರೆ ಮರ ಎಳೆಯುದ್ದಕ್ಕೂ ಸೀಳುತ್ತದೆ. ಆ ಸೀಳುವ ಕೆಲಸದಲ್ಲೇ ಶಕ್ತಿ ಖರ್ಚಾಗುತ್ತದೆ, ಹೊರಗಿನ ತುಂಡು ಕಳಚಿ ಹೋದಾಗ ತನ್ನ ಪಾಲಿನ ಚಲನಶಕ್ತಿಯನ್ನೂ ಒಯ್ಯುತ್ತದೆ. ತುದಿಯ ವೇಗವೇ ಹೆಚ್ಚಾದ್ದರಿಂದ ಹೊರಗಿನ ಮೂರನೇ ಒಂದು ಭಾಗ ಹೋದರೆ ಒಟ್ಟು ಶಕ್ತಿಯಲ್ಲಿ ಮೂರನೇ ಎರಡಕ್ಕೂ ಹೆಚ್ಚು ಅದರ ಜೊತೆಗೇ ಹೋಗುತ್ತದೆ. ಸ್ಪಿಂಡಲಿಗೆ ತಲುಪುವುದು ಉಳಿದದ್ದು ಮಾತ್ರ. ಹಳೆಯ ಕೈಗಳು ಮರದ ಬ್ಲೇಡನ್ನು ಈಗಲೂ ಪ್ರೀತಿಯಿಂದ ನೆನೆಯುವುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಈ-ಫ್ಲೈಟಿನ ಬ್ಲೇಡ್ ಸಿಪಿ, ಈಸ್ಕೈನ ಬೆಲ್ಟ್ ಸಿಪಿ ಮೊದಲಾದ ಎಲೆಕ್ಟ್ರಿಕ್ ಯಂತ್ರಗಳು ಬಂದಾಗಲೂ ಕಲಿಯುವವರು ಕೈಗೆತ್ತಿಕೊಂಡದ್ದು ಮರದ ಜೋಡಿಗಳನ್ನೇ.

ಮರಕ್ಕೆ ಕುಂದುಗಳೂ ಉಂಟು, ನಮ್ಮ ಹವೆಯಲ್ಲಿ ಅವು ಬೇಗ ಕಾಣುತ್ತವೆ. ಹೊದಿಕೆ ಎಲ್ಲಾದರೂ ಕಿತ್ತಿದ್ದರೆ ಮರ ತೇವ ಹೀರುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಆಷಾಢದ ಮಳೆಯಲ್ಲಿ ಪೆಟ್ಟಿಗೆಯಲ್ಲಿಟ್ಟ ಬ್ಲೇಡು ಶ್ರಾವಣದ ಹೊತ್ತಿಗೆ ತಿರುಚಿಕೊಂಡಿರಬಹುದು, ಜೋಡಿಯ ಒಂದು ಇನ್ನೊಂದಕ್ಕಿಂತ ಭಾರವಾಗಿರಬಹುದು. ನಿಜವಾದ ಹೆಲಿಕಾಪ್ಟರುಗಳೂ ಇದೇ ದಾರಿ ಸವೆಸಿ ಬಂದಿವೆ. 1946ರ ಮಾರ್ಚ್ 8ರಂದು ಅಮೆರಿಕದಲ್ಲಿ ನಾಗರಿಕ ಬಳಕೆಯ ಪರವಾನಗಿ ಪಡೆದ ಬೆಲ್ 47ಕ್ಕೆ ಮೊದಲಿಗೆ ಇದ್ದದ್ದು ಮರದ ಬ್ಲೇಡುಗಳು, ಲೋಹದವು ಬಂದದ್ದು ಆಮೇಲೆ. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿನ ಬ್ಲೇಡುಗಳು ನಾರು ಮತ್ತು ರಾಳದ ಸಂಯುಕ್ತ ವಸ್ತುವಿನವು. ಮನುಷ್ಯರನ್ನು ಹೊರುವ ಯಂತ್ರದ ಬ್ಲೇಡಿಗೆ ಮುರಿಯುವ ಅವಕಾಶವೇ ಇಲ್ಲ, ಹಾಗಾಗಿ ಆ ಆಯ್ಕೆ ಸಹಜ. ಆಟದ ಯಂತ್ರ ಅದನ್ನೇ ನಕಲು ಮಾಡಬೇಕೆಂದಿಲ್ಲ.

ಮರದ ಬ್ಲೇಡಿಗೆ ವೇಗದ ಮಿತಿಯೂ ಇದೆ. ತಯಾರಕರು ಪೊಟ್ಟಣದ ಮೇಲೆ ಬರೆದಿರುವ ಗರಿಷ್ಠ ಸುತ್ತನ್ನು ದಾಟಿ ತಿರುಗಿಸಬಾರದು. ಬುಡದಲ್ಲಿ ಬೋಲ್ಟಿನ ತೂತಿನ ಸುತ್ತ ಕೂದಲೆಳೆಯ ಬಿರುಕು ಕಂಡರೂ ಅಂಟು ಹಾಕಿ ಮತ್ತೆ ಹಾರಿಸುವ ಮಾತೇ ಇಲ್ಲ.

ಮೈಕ್ರೋ ಗಾತ್ರದಲ್ಲಿ ಎಲ್ಲವೂ ಸಲೀಸು. ಸೈಮಾ ಎಸ್107 ಎಂಬ ಆಟಿಕೆ ಹೆಲಿಕಾಪ್ಟರನ್ನು ನೆನಪಿಸಿಕೊಳ್ಳಿ. ಒಂದರ ಮೇಲೊಂದು ಎರಡು ರೋಟರು, ಇನ್‌ಫ್ರಾರೆಡ್ ರಿಮೋಟು, ಹುಟ್ಟುಹಬ್ಬದ ಉಡುಗೊರೆಯಾಗಿ ನಮ್ಮಲ್ಲೂ ಎಷ್ಟೋ ಮನೆಗಳಿಗೆ ಬಂದದ್ದು. ಅದರ ಬ್ಲೇಡುಗಳು ಸ್ಕ್ರೂವಿನ ಮೇಲೆ ಸಡಿಲವಾಗಿ ಆಡುತ್ತವೆ. ಗೋಡೆಗೆ ತಾಗಿದರೆ ಹಿಂದಕ್ಕೆ ಸರಿದುಬಿಡುತ್ತವೆ, ಮತ್ತೆ ತಿರುಗಲು ಶುರುವಾದೊಡನೆ ಹೊರಚಾಚುವ ಬಲವೇ ಅವನ್ನು ನೇರ ಮಾಡುತ್ತದೆ. ಮಗು ಅದನ್ನು ಹಾಲ್‌ನ ಮೂಲೆಮೂಲೆಗೂ ಡಿಕ್ಕಿ ಹೊಡೆಸಿದರೂ ಅದು ಬದುಕುವುದು ಈ ಸಡಿಲತನದಿಂದಲೇ. 2011ರ ಬ್ಲೇಡ್ ಎಂಸಿಪಿ ಎಕ್ಸ್, ಆಮೇಲೆ ಬಂದ ಎಕ್ಸ್‌ಕೆ ಕೆ110 ಇತ್ಯಾದಿಗಳು ನಿಜವಾದ ಪಿಚ್ ಬದಲಾವಣೆ, ತಲೆಕೆಳಗಿನ ಹಾರಾಟ ಎಲ್ಲವನ್ನೂ ಮಾಡುವ ಯಂತ್ರಗಳಾದರೂ ಅವುಗಳ ಬ್ಲೇಡು ಅಚ್ಚಿನಲ್ಲಿ ಎರಕ ಹೊಯ್ದ ಮೆತ್ತನೆಯ ಪ್ಲಾಸ್ಟಿಕ್. ಹುಲ್ಲಿನ ಮೇಲೆ ಬಿದ್ದರೆ ಬಹಳ ಸಲ ಎತ್ತಿ ಧೂಳು ಒರೆಸಿ ಮತ್ತೆ ಹಾರಿಸಬಹುದು.

ಗಾಳಿಯ ಸ್ವಭಾವವೂ ಇಲ್ಲಿ ಪ್ಲಾಸ್ಟಿಕ್ಕಿನ ಪರವಾಗಿದೆ. ಬ್ಲೇಡು ಕಿರಿದಾಗಿ ವೇಗ ತಗ್ಗಿದಂತೆ ಗಾಳಿಯ ಜಿಗುಟು ಹೆಚ್ಚು ಮುಖ್ಯವಾಗುತ್ತದೆ. ಅದನ್ನು ಅಳೆಯುವ ರೇನಾಲ್ಡ್ಸ್ ಸಂಖ್ಯೆ 450ರ ಬ್ಲೇಡಿನಲ್ಲಿ ಒಂದು ಲಕ್ಷಕ್ಕಿಂತ ಮೇಲಿದ್ದರೆ ಮೈಕ್ರೋದಲ್ಲಿ ಕೆಲವು ಹತ್ತು ಸಾವಿರಕ್ಕೆ ಇಳಿಯುತ್ತದೆ. ಅಷ್ಟು ಕೆಳಗೆ ದಪ್ಪನೆಯ, ನಯವಾದ ಅಡ್ಡಕೊಯ್ತದ ರೆಕ್ಕೆಗಿಂತ ತುಸು ಬಾಗಿದ ತೆಳ್ಳನೆಯ ಹಾಳೆಯೇ ಚೆನ್ನಾಗಿ ಎತ್ತುತ್ತದೆ. ಆದ್ದರಿಂದ ನೆಟ್ಟಗೆ ಹಾರಿಸುವುದನ್ನಷ್ಟೇ ಕಲಿಯುವವರು ತೆಳುವಾದ ಪ್ಲಾಸ್ಟಿಕ್ ಬ್ಲೇಡಿಗಾಗಿ ಎತ್ತುವ ಬಲವನ್ನು ಬಿಟ್ಟುಕೊಡಬೇಕಾಗಿಲ್ಲ. ಮೈಕ್ರೋಗಳಿಗೂ ಕಾರ್ಬನ್ ಬ್ಲೇಡು ಮಾರುವವರಿದ್ದಾರೆ. ಬಿಗಿಯಾದ ಸ್ಟಂಟುಗಳಿಗೆ ಅದರ ಉಪಯೋಗವಿದೆ. ಕಲಿಯುವವರ ಕೈಯಲ್ಲಿ ಅದು ಉಗುರುದ್ದದ ಸ್ಪಿಂಡಲನ್ನೂ ಪುಟಾಣಿ ಸರ್ವೋಗಳನ್ನೂ ಸುಮ್ಮನೆ ಬಲಿ ಕೊಡುತ್ತದೆ.

ಮೈಕ್ರೋದ ಈ ಸುಖವನ್ನು ಉಂಡವರು ದೊಡ್ಡದಕ್ಕೆ ಏರುವಾಗ ಅದನ್ನೇ ಬಯಸುತ್ತಾರೆ. 450ಕ್ಕೂ ‘ಮುರಿಯುವುದೇ ಇಲ್ಲ’ ಎಂದು ಹೇಳಿ ಮಾರುವ ಬಾಗುವ ಪ್ಲಾಸ್ಟಿಕ್ ಬ್ಲೇಡುಗಳು ಸಿಗುತ್ತವೆ. ಇವುಗಳ ವಿಷಯದಲ್ಲಿ ನನ್ನ ನಿಲುವು ಖಚಿತ: ಸ್ಥಿರವಾಗಿ ಒಂದೆಡೆ ತೇಲುವುದನ್ನು ಕಲಿಯುವಾಗ, ಕಡಿಮೆ ಸುತ್ತಿನಲ್ಲಿ, ಹುಲ್ಲಿನ ನೆಲದ ಮೇಲೆ ಮಾತ್ರ ಸರಿ. ಅದನ್ನು ದಾಟಿದರೆ ಬೇಡ. ತೂಕ ಹೊತ್ತ ಮೆತ್ತನೆಯ ಬ್ಲೇಡು ಮೇಲಕ್ಕೆ ಬಾಗುತ್ತದೆ, ಹಠಾತ್ತನೆ ಪಿಚ್ ಇಳಿಸಿದರೆ ಅಷ್ಟೇ ಕೆಳಕ್ಕೆ ಬಾಗಿ ಬಾಲದ ಕೊಳವೆಗೆ ಬಡಿಯುತ್ತದೆ. ಗಾಳಿಯಲ್ಲಿರುವಾಗಲೇ ಹೀಗಾದರೆ ಕ್ರ್ಯಾಶ್ ತಪ್ಪಿಸಲು ಹಾಕಿದ ಬ್ಲೇಡೇ ಕ್ರ್ಯಾಶಿಗೆ ಕಾರಣವಾಗುತ್ತದೆ. ತಿರುಚುವುದಕ್ಕೂ ಅದು ಸುಲಭವಾಗಿ ಒಪ್ಪುವುದರಿಂದ ವೇಗ ಹೆಚ್ಚಿಸಿದಾಗ ಬ್ಲೇಡು ಫಡಫಡಿಸುವ ಅಪಾಯವಿದೆ. ಭಾರದ ಮಧ್ಯಬಿಂದು ಹಿಂದಿನ ಅಂಚಿನ ಕಡೆ ಸರಿದಷ್ಟೂ ಆ ಅಪಾಯ ಹೆಚ್ಚು. ಮುಖ್ಯವಾಗಿ, ನೆಲಕ್ಕೆ ತಾಗಿ ಬಾಗಿ ಮತ್ತೆ ನೆಟ್ಟಗಾಗುವ ಬ್ಲೇಡು ಶಕ್ತಿಯನ್ನು ನುಂಗುವುದಿಲ್ಲ, ಹಿಡಿದಿಟ್ಟು ಹಿಂದಿರುಗಿಸುತ್ತದೆ. ಹುಲ್ಲಿನ ಮೇಲೆ ಯಂತ್ರ ನೆಗೆದು ನೆಗೆದು ತನ್ನನ್ನೇ ಬಡಿದುಕೊಳ್ಳುವ ದೃಶ್ಯ ಮೈದಾನಕ್ಕೆ ಹೋಗುವ ಎಲ್ಲರಿಗೂ ಪರಿಚಿತ.

ಕಾರ್ಬನ್ ನಾರಿನ ಬ್ಲೇಡು ಇದಕ್ಕೆ ತದ್ವಿರುದ್ಧ. ಹಗುರ, ಸೆಟೆದು ನಿಲ್ಲುತ್ತದೆ, ಹೇಳಿದ ಮಾತು ಕೇಳುತ್ತದೆ. ಹಾರಿಸಲು ಇದಕ್ಕಿಂತ ಚೆಂದದ್ದಿಲ್ಲ. ಬಿದ್ದಾಗ ಮಾತ್ರ ಒಂದು ಮಿತಿಯವರೆಗೆ ಬಾಗದೆ, ಸೀಳದೆ, ಪೆಟ್ಟನ್ನೆಲ್ಲ ಒಳಕ್ಕೆ ದಾಟಿಸುತ್ತದೆ, ಮಿತಿ ದಾಟಿದೊಡನೆ ಚೂರುಚೂರಾಗುತ್ತದೆ. ಅಂದರೆ ಸ್ಪಿಂಡಲು, ಗೇರು, ಶಾಫ್ಟುಗಳ ಜೊತೆಗೆ ಬ್ಲೇಡಿನ ಖರ್ಚೂ ಸೇರುತ್ತದೆ. ಗಾಜಿನ ನಾರಿನ ಬ್ಲೇಡು ನಡುವಿನದು: ಕಾರ್ಬನ್ನಿಗಿಂತ ಅಗ್ಗ, ತುಸು ಭಾರ, ತುಸು ಹೆಚ್ಚು ಬಾಗುತ್ತದೆ, ಮುರಿದಾಗ ನಾರು ಬಿಟ್ಟುಕೊಂಡು ನೇತಾಡುತ್ತದೆ. ಮರದ ಬ್ಲೇಡು ಅಂಗಡಿಗಳಲ್ಲಿ ಅಪರೂಪವಾಗುತ್ತಿರುವ ಈ ಕಾಲದಲ್ಲಿ 450 ಕಲಿಯುವವರಿಗೆ ನಾನು ಹೇಳುವುದು ಅಗ್ಗದ ಗಾಜಿನ ನಾರಿನದನ್ನೇ. ಮರ ಸಿಕ್ಕರೆ ಮರ.

ಬ್ಲೇಡು ಅರ್ಧ ಮುರಿದಾಗ ಆಗುವ ಕೇಡಿಗೆ ದೊಡ್ಡ ಸಾಕ್ಷಿ ಭೂಮಿಯ ಹೊರಗೇ ಇದೆ. ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರು 2021ರ ಏಪ್ರಿಲ್ 19ರಂದು ಮಂಗಳ ಗ್ರಹದಲ್ಲಿ ಮೊದಲ ಬಾರಿ ಹಾರಿತು. ಅದರ ಮುಖ್ಯ ಎಂಜಿನಿಯರ್ ಜೆ. ಬಾಬ್ ಬಲರಾಮ್ ಐಐಟಿ ಮದ್ರಾಸಿನಲ್ಲಿ ಓದಿದವರು. ಯಂತ್ರದ ತೂಕ 1.8 ಕಿಲೋ, ರೋಟರಿನ ಅಗಲ 1.2 ಮೀಟರ್, ಬ್ಲೇಡುಗಳು ಕಾರ್ಬನ್ ನಾರಿನವು. ಗಾತ್ರದಲ್ಲಿ ನಮ್ಮ ಹವ್ಯಾಸದ ಯಂತ್ರಗಳ ಸಾಲಿಗೇ ಸೇರುವಂಥದ್ದು. 2024ರ ಜನವರಿ 18ರಂದು ಅದರ 72ನೇ ಹಾರಾಟದಲ್ಲಿ, ಗುರುತಿಗೆ ಕಲ್ಲೂ ಇಲ್ಲದ ಮರಳಿನ ಅಲೆಗಳ ಮೇಲೆ ಅದು ತನ್ನ ವೇಗವನ್ನು ಸರಿಯಾಗಿ ಅಂದಾಜು ಮಾಡಲಾಗದೆ ಇಳಿಯಿತು. ನಾಸಾದ ಪರಿಶೀಲನೆಯ ಪ್ರಕಾರ, ನೆಲ ತಾಗಿದಾಗ ಯಂತ್ರ ಗಕ್ಕನೆ ಓಲಿದ್ದರಿಂದ ನಾಲ್ಕೂ ಬ್ಲೇಡುಗಳು ತುದಿಯಿಂದ ಮೂರನೇ ಒಂದು ಭಾಗದಷ್ಟು ಒಳಗೆ, ಅತ್ಯಂತ ದುರ್ಬಲವಾದ ಜಾಗದಲ್ಲಿ ತುಂಡಾದವು. ಆಮೇಲೆ ಉಂಟಾದ ಕಂಪನಕ್ಕೆ ಒಂದು ಬ್ಲೇಡಿನ ಉಳಿದ ಭಾಗ ಬುಡದಿಂದಲೇ ಕಿತ್ತುಹೋಯಿತು. ಮುರಿದ ಬ್ಲೇಡನ್ನು ತಿರುಗಿಸುತ್ತಲೇ ಇದ್ದರೆ ಮೈದಾನದಲ್ಲೂ ಆಗುವುದು ಇದೇ. ಬುಡ ಗಟ್ಟಿಯಿದ್ದು ಹೊರಭಾಗ ಮೊದಲು ಹೋಗಲಿ ಎಂಬ ಉಪಾಯ ಕೆಲಸ ಮಾಡಬೇಕಾದರೆ ಹೋಲ್ಡ್ ಸ್ವಿಚ್ಚೂ ಜೊತೆಗೆ ಬೇಕು.

ವಸ್ತುವಿಗಿಂತ ಹೆಚ್ಚು ಫಲ ಕೊಡುವ, ದುಡ್ಡಿಲ್ಲದ ಉಪಾಯ ಇನ್ನೊಂದಿದೆ: ಸುತ್ತು ಇಳಿಸುವುದು. ಶಕ್ತಿ ವೇಗದ ವರ್ಗದಂತೆ ಏರುತ್ತದೆ. ನಿಮಿಷಕ್ಕೆ 2,600 ಸುತ್ತಿನಲ್ಲಿ ತಿರುಗುತ್ತಿದ್ದ ರೋಟರನ್ನು 1,800ಕ್ಕೆ ಇಳಿಸಿದರೆ ಬ್ಲೇಡಿನಲ್ಲಿ ಉಳಿಯುವ ಶಕ್ತಿ ಅರ್ಧಕ್ಕಿಂತಲೂ ಕಡಿಮೆ. ಎತ್ತುವ ಬಲವನ್ನು ಪಿಚ್ ಒಂದಿಷ್ಟು ಹೆಚ್ಚಿಸಿ ತುಂಬಿಕೊಳ್ಳಬಹುದು. ಬಾಲದ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ಗಾಳಿ ಜೋರಿದ್ದರೆ ಯಂತ್ರ ತೂರಾಡುತ್ತದೆ. ಆದರೆ ಕಲಿಯುವವರು ಗಾಳಿ ಜೋರಾದ ಮಧ್ಯಾಹ್ನ ಹಾರಿಸುವುದೇ ಬೇಡ, ಬೆಳಗಿನ ಜಾವದ ನಿಶ್ಚಲ ಗಾಳಿ ಸಾಕು. ತುದಿಗೆ ಸೀಸ ತುಂಬಿದ ಭಾರದ ಬ್ಲೇಡಿನ ಬಗ್ಗೆಯೂ ಇದೇ ಲೆಕ್ಕದಿಂದ ಯೋಚಿಸಬೇಕು. ಮೋಟಾರು ನಿಲ್ಲಿಸಿ ಬರೀ ಗಾಳಿಯ ಬಲದಿಂದ ಇಳಿಸುವ ಆಟೋರೊಟೇಶನ್ನಿಗೆ ಅದು ವರ, ಶಕ್ತಿಯನ್ನು ಕೂಡಿಟ್ಟುಕೊಳ್ಳುವುದೇ ಅದರ ಗುಣ. ಕ್ರ್ಯಾಶಿನಲ್ಲಿ ಆ ಗುಣವೇ ಮುಳುವು.

ಈಚಿನ ವರ್ಷಗಳಲ್ಲಿ 450ರ ಜಾಗವನ್ನು ಓಎಂಪಿ ಹಾಬಿಯ ಎಂ2, ಗೂಸ್ಕೈ ಎಸ್2 ಮೊದಲಾದ ಇನ್ನೂ ಚಿಕ್ಕ ಯಂತ್ರಗಳು ಹಿಡಿಯುತ್ತಿವೆ. ಇವುಗಳಲ್ಲಿ ಮೇನ್ ಗೇರ್ ಇಲ್ಲ, ಮೋಟಾರಿನ ಅಚ್ಚಿನ ಮೇಲೆಯೇ ರೋಟರು ಕೂತಿರುತ್ತದೆ. ಹಾಳಾಗುವ ಒಂದು ಭಾಗ ಕಡಿಮೆಯಾಯಿತೆಂದು ಸಂತೋಷಪಡಬಹುದು, ಗೇರಿನ ರಗಳೆಯಿಂದ ಬಿಡುಗಡೆ ನಿಜಕ್ಕೂ ದೊಡ್ಡದು. ಆದರೆ ಹೊಡೆತ ನುಂಗುತ್ತಿದ್ದ ಒಂದು ಅಗ್ಗದ ಭಾಗವೂ ಅದರ ಜೊತೆಗೇ ಹೋಯಿತು. ಪೆಟ್ಟು ಈಗ ನೇರವಾಗಿ ಸ್ಪಿಂಡಲ್ ಮತ್ತು ಶಾಫ್ಟಿಗೆ. ಹೀಗಾಗಿ ಇವುಗಳಲ್ಲಿ ಬ್ಲೇಡಿನ ಆಯ್ಕೆಯ ಭಾರ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಹಿಂದಿನ ಪುಟ್ಟ ರೋಟರಿನ ಬ್ಲೇಡಿಗೆ ಹೆಚ್ಚು ಮಾತು ಬೇಡ. ಪ್ಲಾಸ್ಟಿಕ್ಕೇ ಇರಲಿ. ಇಳಿಸುವಾಗ ಬಾಲ ಮೊದಲು ತಾಗುವುದು ಸಾಮಾನ್ಯ, ಪ್ಲಾಸ್ಟಿಕ್ ಮುರಿದು ಹಿಂದಿನ ಗೇರುಪೆಟ್ಟಿಗೆಯನ್ನು ಉಳಿಸುತ್ತದೆ. ಬಾಲಕ್ಕೆ ಬೆಲ್ಟಿನಿಂದ ಶಕ್ತಿ ಹೋಗುವ ಯಂತ್ರಗಳು ಈ ವಿಷಯದಲ್ಲಿ ಕೊಳವೆಯೊಳಗೆ ಸರಳು ತಿರುಗುವ ಯಂತ್ರಗಳಿಗಿಂತ ಕ್ಷಮಾಶೀಲ.

ಯಾವ ಬ್ಲೇಡೇ ಆದರೂ ಜೋಡಿಯ ತೂಕ ಸಮವಾಗಿರಬೇಕು. ಭಾರದ ಮಧ್ಯಬಿಂದುವಿನಲ್ಲಿ ಬರೀ 0.1 ಗ್ರಾಂ ವ್ಯತ್ಯಾಸವಿದ್ದರೂ 2,500 ಸುತ್ತಿನಲ್ಲಿ ಅದು 140 ಗ್ರಾಂ ತೂಕದಷ್ಟು ಬಲವಾಗಿ, ಸೆಕೆಂಡಿಗೆ 40ಕ್ಕೂ ಹೆಚ್ಚು ಸಲ ಯಂತ್ರವನ್ನು ಅಲುಗಿಸುತ್ತದೆ. ಕಾರ್ಖಾನೆಯಿಂದ ಜೋಡಿ ಮಾಡಿಯೇ ಬರುವ ಕಾರ್ಬನ್ನಿಗೆ ಈ ಚಿಂತೆ ಕಡಿಮೆ. ಮರ ಮತ್ತು ಅಗ್ಗದ ಗಾಜಿನ ನಾರಿನದಕ್ಕೆ ಮೊದಲು ಮಧ್ಯಬಿಂದು ಸರಿಹೊಂದಿಸಿ, ಆಮೇಲೆ ಹಗುರವಾದುದಕ್ಕೆ ಟೇಪು ಸುತ್ತಿ ಸಮ ಮಾಡಬೇಕು. ಚಿನ್ನ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇದಕ್ಕೆ ಸಾಕು. ತುದಿಗಳಿಗೆ ಬೇರೆ ಬೇರೆ ಬಣ್ಣದ ಟೇಪು ಹಚ್ಚಿ, ತಿರುಗುವಾಗ ಎರಡೂ ಒಂದೇ ಮಟ್ಟದಲ್ಲಿ ಹೋಗುತ್ತಿವೆಯೇ ಎಂದು ಪಕ್ಕದಿಂದ, ದೂರ ನಿಂತು ನೋಡಬೇಕು. ರೋಟರಿನ ತಲೆಯಲ್ಲಿ ಫ್ಲೈಬಾರ್ ಎಂಬ ಸಮತೋಲನದ ಕಡ್ಡಿ ಇಲ್ಲದ ಯಂತ್ರಕ್ಕೆ ಅದಕ್ಕೆಂದೇ ಮಾಡಿದ ಬ್ಲೇಡು ಬೇಕು. ಹಳೆಯ ಫ್ಲೈಬಾರ್ ತಲೆಗಳಿಗೆ ಮಾಡಿದ ಬ್ಲೇಡಿನ ಭಾರ ಹಂಚಿಕೆ ಬೇರೆ.

ಬೋಲ್ಟಿನ ಹದದ ಮಾತು ಮೇಲೆ ಬಂತು. ಹೆಲಿಕಾಪ್ಟರನ್ನು ಪಕ್ಕಕ್ಕೆ ವಾಲಿಸಿ ಹಿಡಿದಾಗ ಬ್ಲೇಡುಗಳು ತಾವಾಗಿ ಜೋತು ಬೀಳಬಾರದು, ಮೆಲ್ಲಗೆ ಕುಲುಕಿದರೆ ಜೋತು ಬೀಳಬೇಕು. ಬಹಳ ಬಿಗಿದರೆ ಮಡಚುವ ಬ್ಲೇಡೂ ಮಡಚುವುದಿಲ್ಲ. ಬಹಳ ಸಡಿಲವಾದರೆ ತಿರುಗಲು ಶುರುವಾಗುವಾಗ ಒಂದು ಹಿಂದೆ ಒಂದು ಮುಂದೆ ಉಳಿದು ಯಂತ್ರ ನೆಲದ ಮೇಲೇ ಕುಣಿಯುತ್ತದೆ.

ಯಂತ್ರದ ಮಾತು ಇಷ್ಟಾಯಿತು, ಮನುಷ್ಯರದ್ದು ಬಾಕಿಯಿದೆ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಉದ್ಯಾನದಲ್ಲಿ 19 ವರ್ಷದ ತರುಣನೊಬ್ಬ ತಾನೇ ಹಾರಿಸುತ್ತಿದ್ದ ದೊಡ್ಡ ಹೆಲಿಕಾಪ್ಟರಿನ ಬ್ಲೇಡು ತಲೆಗೆ ತಾಗಿ ತೀರಿಕೊಂಡ. ಅವನು ಹೊಸಬನಲ್ಲ, ಪಳಗಿದ ಕೈ. ಎರಡು ಸಾವಿರ ಜೂಲ್ ಎಂದು ಮೇಲೆ ಬರೆದ ಅಂಕಿಯ ಅರ್ಥ ಅದು. 450ರ ಮರದ ಬ್ಲೇಡೂ ಬೆರಳು ಕತ್ತರಿಸಬಲ್ಲದು, ಮುರಿದ ಚೂರು ಕಣ್ಣಿಗೆ ಹಾರಬಲ್ಲದು. ಮೆತ್ತನೆಯ ಬ್ಲೇಡು ಹಾಕಿದ್ದೇವೆಂಬ ಧೈರ್ಯದಲ್ಲಿ ಹತ್ತಿರ ನಿಲ್ಲುವುದು, ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಳ್ಳುವುದು, ಮನೆಯ ಹಾಲ್‌ನಲ್ಲಿ 250 ಗಾತ್ರದ್ದನ್ನು ಹಾರಿಸುವುದು, ಇವುಗಳಿಗೆ ಯಾವ ಪ್ಲಾಸ್ಟಿಕ್ಕೂ ರಕ್ಷೆಯಲ್ಲ. ಮನೆಯೊಳಗೆ ಅಂಗೈ ಗಾತ್ರದ ಮೈಕ್ರೋ, ಅದೂ ಫ್ಯಾನು ಆರಿಸಿ. ಉಳಿದುದಕ್ಕೆಲ್ಲ ಊರ ಹೊರಗಿನ ಬಯಲು.

ಬೆಂಗಳೂರಿನವರಿಗೆ ಆ ಬಯಲು ಹುಡುಕುವುದು ಕಷ್ಟ. ಯಲಹಂಕ, ಜಕ್ಕೂರು, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ ಹೀಗೆ ಸುತ್ತಲೂ ವಿಮಾನಗಳದ್ದೇ ಆಕಾಶ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು 250 ಗ್ರಾಂವರೆಗಿನದನ್ನು ನ್ಯಾನೊ, ಅಲ್ಲಿಂದ ಎರಡು ಕಿಲೋವರೆಗೆ ಮೈಕ್ರೋ ಎಂದು ವಿಂಗಡಿಸುತ್ತವೆ, ಎಲ್ಲಿ ಹಾರಿಸಬಾರದೆಂಬುದು ಡಿಜಿಟಲ್ ಸ್ಕೈ ನಕ್ಷೆಯಲ್ಲಿದೆ. ಹೊರಡುವ ಮುನ್ನ ಅದನ್ನು ನೋಡಿಕೊಳ್ಳಬೇಕು. ನೆಲದ ಬಗ್ಗೆ ಒಂದು ಮಾತು: ಉತ್ತು ಬಿಟ್ಟ ಹೊಲದ ಸಡಿಲ ಮಣ್ಣು, ಮೊಣಕಾಲೆತ್ತರದ ಹುಲ್ಲು ಬ್ಲೇಡಿಗೆ ಮೆತ್ತಗೆ ತಾಗುತ್ತವೆ. ಕಲ್ಲುಮಣ್ಣಿನ ಲೇಔಟುಗಳಲ್ಲಿ ಯಾವ ಬ್ಲೇಡೂ ಉಳಿಯುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಬ್ಲೇಡನ್ನು ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬಾರದು, ಶಾಖಕ್ಕೆ ಅದು ತಿರುಚುತ್ತದೆ. ವರ್ಷಗಟ್ಟಲೆ ಬಿಸಿಲುಂಡ ಪ್ಲಾಸ್ಟಿಕ್ ಪೆಡಸಾಗಿ ಬಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಬಿಡಿಭಾಗಗಳು ಬರುವುದು ಹೆಚ್ಚಾಗಿ ಚೀನಾ, ತೈವಾನುಗಳಿಂದ. ಕಸ್ಟಮ್ಸ್ ದಾಟಿ ಕೈಗೆ ಬರಲು ವಾರಗಳೇ ಬೇಕಾಗಬಹುದು. ಆದ್ದರಿಂದ ನಮ್ಮಲ್ಲಿ ಬ್ಲೇಡಿನ ಬೆಲೆಯೊಂದನ್ನೇ ಹೋಲಿಸಿ ಕೊಳ್ಳುವುದು ಅರ್ಧ ಲೆಕ್ಕ. ಕಾರ್ಬನ್ ಜೋಡಿಯೊಂದರ ದುಡ್ಡಿಗೆ ಮೂರು ಜೋಡಿ ಮರವೋ ಗಾಜಿನ ನಾರೋ, ಅವುಗಳ ಜೊತೆ ನಾಲ್ಕಾರು ಸ್ಪಿಂಡಲು, ಒಂದೆರಡು ಮೇನ್ ಗೇರು, ಒಂದು ಮೇನ್ ಶಾಫ್ಟು ಮೊದಲೇ ತರಿಸಿಟ್ಟುಕೊಂಡವರು ತಿಂಗಳಿಡೀ ಹಾರಿಸುತ್ತಾರೆ. ಉಳಿದವರು ಪಾರ್ಸೆಲ್ಲಿನ ದಾರಿ ಕಾಯುತ್ತಾರೆ.

ಬಿದ್ದ ಮೇಲೆ ಹೊಸ ಬ್ಲೇಡು ಹಾಕುವ ಅವಸರದಲ್ಲಿ ಹಳೆಯ ಸ್ಪಿಂಡಲನ್ನು ಹಾಗೇ ಬಿಡುವವರೇ ಹೆಚ್ಚು. ಕಣ್ಣಿಗೆ ನೆಟ್ಟಗೆ ಕಂಡರೂ ಅದನ್ನು ಬಿಚ್ಚಿ ಗಾಜಿನ ಹಾಳೆಯ ಮೇಲೆ ಉರುಳಿಸಿ ನೋಡಬೇಕು. ಒಂದಿಷ್ಟು ಎಗರಿದರೂ ಅದು ಬಾಗಿದೆ ಎಂದೇ ಲೆಕ್ಕ. ಮೇನ್ ಶಾಫ್ಟಿಗೂ ಅದೇ ಪರೀಕ್ಷೆ. ಸರ್ವೋಗಳನ್ನು ಒಂದೊಂದಾಗಿ ಕೈಯಿಂದ ಮೆಲ್ಲಗೆ ತಿರುಗಿಸಿ ಹಲ್ಲು ತಪ್ಪುತ್ತಿದೆಯೇ ಎಂದು ನೋಡಬೇಕು. ಉಳಿದ ಬ್ಲೇಡು ಕಾರ್ಬನ್ನಾಗಿದ್ದರೆ ಬೆರಳುಗುರಿನಿಂದ ಬುಡದಿಂದ ತುದಿಯವರೆಗೆ ತಟ್ಟುತ್ತ ಹೋಗಬೇಕು, ಸದ್ದು ಎಲ್ಲಾದರೂ ಮಂಕಾದರೆ ಒಳಪದರ ಬಿಟ್ಟಿದೆ. ಪ್ಲಾಸ್ಟಿಕ್ಕಾದರೆ ಬುಡದಲ್ಲಿ ಬಿಳಿ ಗೆರೆ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹಾಗೆ ಕಂಡ ಬ್ಲೇಡನ್ನು ಇನ್ನಾರೂ ಎತ್ತಿಕೊಂಡು ಬಳಸದಂತೆ ಎರಡು ತುಂಡು ಮಾಡಿ ಎಸೆಯಬೇಕು, ಅದರ ಜೋಡಿಯನ್ನೂ.